ಎರಡನೇ ಕ್ಯಾಸೆಟ್ಟಿನ ಅಂಕಿತ

ನಮ್ಮ ರಾಕ್ ಬ್ಯಾಂಡಿನ ಎರಡನೇ ಕ್ಯಾಸೆಟ್ಟಿನ ಮೇಲೆ ಯಾವ ಯಾವ ಸಂಗೀತದ ಪ್ರಭಾವವಿದೆ ಎಂದು ಇಷ್ಟು ವರ್ಷದಲ್ಲಿ ಯಾರೊಬ್ಬರೂ ನನ್ನನ್ನು ಕೇಳಿಲ್ಲ. ಕೇಳಲಿ ಎಂದು ಕಾದು ನೋಡಿದೆ. ಇನ್ನು ಕಾಯುವ ತಾಳ್ಮೆ ನನಗಿಲ್ಲ, ನಾನೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಕಲಬುರಗಿಯಲ್ಲಿ ನಾವು ನಾಲ್ವರು ಎಂಜಿನಿಯರಿಂಗ್ ಓದುತ್ತಿದ್ದೆವು, ಅಂದರೆ ಕಾಲೇಜಿನಲ್ಲಿ ಹೆಸರು ಹಚ್ಚಿದ್ದೆವು. ನಾನು ಗಿಟಾರ್ ಬಾರಿಸುತ್ತಿದ್ದೆ, ಹಾಡೂ ಬರೆಯುತ್ತಿದ್ದೆ. ಹಾಡುವವನ ಮನೆ ಖೂಬಾ ಪ್ಲಾಟ್ ಬಡಾವಣೆಯಲ್ಲಿತ್ತು. ಅವರ ಮನೆಯ ಕಾಳು ತುಂಬುವ ಕೋಣೆಗೆ ಕೌದಿ ಕಟ್ಟಿ ಅದನ್ನು ಸ್ಟುಡಿಯೋ ಎಂದು ಕರೆದಿದ್ದೆವು. ಡ್ರಮ್ ಬಾರಿಸುವವನು ಮೋಮಿನಪುರದವನು. ಬೇಸ್ ಗಿಟಾರಿನವನಿಗೆ ಮಾತು ಕಡಿಮೆ, ಬೇಸ್ ಗಿಟಾರ್ ಇನ್ನೂ ಕಡಿಮೆ.

ಇಂಗ್ಲಿಷ್ ರಾಕ್ ನಮಗೆ ಸಿಗುತ್ತಿದ್ದುದು ಮೋಮಿನಪುರದ ಒಂದೇ ಒಂದು ಅಂಗಡಿಯಲ್ಲಿ. ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿ ಅದು. ಮಾಲೀಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ, ತಲೆಗೆ ಮೆಹಂದಿ, ಹಣೆಯ ಮೇಲೆ ಚಾಳೀಸಿನ ಕನ್ನಡಕ. ಅವರಿಗೆ ಇಷ್ಟವಿದ್ದದ್ದು ಕವ್ವಾಲಿ. ನಮ್ಮ ಸಂಗೀತ ಕೇಳಿದರೆ ಹಿಟ್ಟಿನ ಗಿರಣಿ ನೆನಪಾಗುತ್ತದೆ ಎಂದು ಮುಖಕ್ಕೇ ಹೇಳುತ್ತಿದ್ದರು. ಆದರೂ ದುಬೈಯಲ್ಲಿದ್ದ ಅವರ ತಮ್ಮ ಊರಿಗೆ ಬರುವಾಗಲೆಲ್ಲ ನಮಗೆಂದು ನಾಲ್ಕು ಅಸಲಿ ಕ್ಯಾಸೆಟ್ ತರಿಸುತ್ತಿದ್ದರು. ನಾನು ಅಂಗಡಿಯ ಬೆಂಚಿನ ಮೇಲೆ ಗಿಟಾರ್ ಹಿಡಿದು ಕೂತು, ಒಂದೇ ತುಣುಕನ್ನು ಹತ್ತು ಸಲ ಕೇಳಿ ಬೆರಳಿಗೆ ತಂದುಕೊಳ್ಳಲು ಒದ್ದಾಡುತ್ತಿದ್ದೆ. ಹತ್ತು ಸಲವೂ ಚಾಚಾ ಮುಖ ಕೆಡಿಸದೆ ಹಿಂದಕ್ಕೆ ತಿರುಗಿಸಿ ಹಾಕುತ್ತಿದ್ದರು. ಮೊದಲ ವಾರ ಕೈಗೆ ಏನೂ ಹತ್ತಲಿಲ್ಲ. ಎರಡನೇ ವಾರದಿಂದ ಒಮ್ಮೆಲೇ ಹತ್ತತೊಡಗಿತು. ನನ್ನ ಪ್ರತಿಭೆ ಕಂಡು ನಾನೇ ಬೆರಗಾದೆ.

ಹೀಗೆ ಮೂರು ವರ್ಷ ಕಲಿತು ಮೊದಲ ಕ್ಯಾಸೆಟ್ ತಂದೆವು. ಒಳಗಿನ ಕಾಗದದಲ್ಲಿ ‘ನಮ್ಮ ಮೇಲೆ ಪ್ರಭಾವ ಬೀರಿದವರು’ ಎಂದು ಎಂಟು ವಿದೇಶಿ ಬ್ಯಾಂಡುಗಳ ಹೆಸರು ಅಚ್ಚು ಹಾಕಿಸಿದ್ದೆ. ಅದರಲ್ಲಿ ಎರಡರ ಹಾಡು ನಾವು ಕೇಳಿಯೇ ಇರಲಿಲ್ಲ, ಯಾರದೋ ಟೀ ಶರ್ಟಿನ ಮೇಲೆ ಹೆಸರು ಓದಿದ್ದೆವು. ಒಂದು ಸ್ಥಳೀಯ ಪತ್ರಿಕೆ ಒಳಪುಟದಲ್ಲಿ ಸುದ್ದಿಯನ್ನೂ ಹಾಕಿತು: ನಗರದ ಯುವಕರಿಂದ ಭಕ್ತಿಗೀತೆಗಳ ಧ್ವನಿಸುರುಳಿ. ಸೇಡಂ ರಸ್ತೆಯ ಒಬ್ಬ ಹಲ್ಲಿನ ಡಾಕ್ಟರು ಮಾತ್ರ ನಮ್ಮನ್ನು ಕರೆದು ಹೊಗಳಿದರು. ಹೊರಗೆ ಕೂತ ರೋಗಿಗಳಿಗೆ ಅದನ್ನು ಹಾಕಿದರೆ ಹೆದರಿಕೆ ಹೋಗಿ ತೂಕಡಿಕೆ ಬರುತ್ತದಂತೆ.

ಇದೇಕೆ ಹೀಗಾಯಿತು ಎಂದು ತಿಳಿದದ್ದು ಹಾಡುವವನ ಮನೆಗೆ ಹೈದರಾಬಾದಿನಿಂದ ಒಬ್ಬ ನೆಂಟ ಬಂದಾಗ. ಅವನು ನಮ್ಮ ಕ್ಯಾಸೆಟ್ ಕೇಳಿ, ‘ಮಣ್ಣಿಗೆ ಹೋಗುವವರ ಮುಂದೆ ಬಾರಿಸ್ತೀರೇನು?’ ಎಂದು ಕೇಳಿದ. ಆಮೇಲೆ ತನ್ನ ವಾಕ್‌ಮನ್ ನನ್ನ ಕಿವಿಗೆ ಸಿಕ್ಕಿಸಿದ. ನಾವು ಮೂರು ವರ್ಷ ಪೂಜಿಸಿದ ಹಾಡೇ ಅದು. ಆದರೆ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ನಮ್ಮ ಕಾಪಿಯಲ್ಲಿ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದವನ ಹಾಗೆ ಹಾಡುತ್ತಿದ್ದ ಆ ಗಾಯಕ ಇಲ್ಲಿ ಎಳೆಯ ಗಂಟಲಿನಲ್ಲಿ ಕಿರುಚುತ್ತಿದ್ದ. ಚಾಚಾ ತುಂಬಿಕೊಟ್ಟ ಅಷ್ಟೂ ಹಾಡು ನಿಧಾನ! ನಾವು ಆ ನಿಧಾನವನ್ನೇ ರಾಕ್ ಎಂದು ತಿಳಿದು, ಅದರ ಧ್ವನಿಗೆ ಹೊಂದಲೆಂದು ತಂತಿ ಸಡಿಲಿಸಿ ಬಾರಿಸಿದ್ದೆವು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೈಕಲ್ ಹತ್ತಿ ನೇರ ಮೋಮಿನಪುರಕ್ಕೆ ಹೋದೆ. ಹಬ್ಬ ಹತ್ತಿರವಿತ್ತು, ಅಂಗಡಿ ತುಂಬ ಗಿರಾಕಿಗಳು.

‘ಚಾಚಾ, ನಿಮ್ಮ ಮಷೀನಿನ ಬೆಲ್ಟ್ ಲೂಸ್ ಆಗಿ ಎಷ್ಟ ವರ್ಷ ಆಯ್ತ್ರಿ? ನಮ್ಮ ಮೂರು ವರ್ಷ ಹಾಳ ಮಾಡಿದ್ರಿ. ಹಾಡು ತುಂಬ್ಲಾಕ ಬರಾಂಗಿಲ್ಲಂದ್ರ ಅಂಗಡಿ ಯಾಕ ಇಡ್ಬೇಕ್ರಿ?’

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಚಾಚಾ ಚಾಳೀಸನ್ನು ಹಣೆಯಿಂದ ಮೂಗಿಗೆ ಇಳಿಸಿ ನನ್ನನ್ನು ನೋಡಿದರು. ‘ಹೌದ್ ಬೇಟಾ, ಬೆಲ್ಟ್ ಲೂಸ್ ಆಗಿರ್ಬೇಕು. ಮಾಫ್ ಮಾಡು’ ಎಂದರು. ಅಷ್ಟೇ. ಅವರು ನಾಲ್ಕು ಬೈಗುಳ ಬೈದಿದ್ದರೆ ನಾನೂ ನಾಲ್ಕು ಬೈದು ಸಂಜೆಗೆ ಮತ್ತೆ ಬೆಂಚಿನ ಮೇಲೆ ಕೂರುತ್ತಿದ್ದೆ. ಮಾಫ್ ಮಾಡು ಎಂದವರ ಅಂಗಡಿಗೆ ಮತ್ತೆ ಯಾವ ಮುಖ ಹೊತ್ತು ಹೋಗಲಿ?

ಹೋಗಲಿಲ್ಲ. ಡ್ರಮ್ಮಿನವನ ಮನೆಗೆ ಹೋಗಬೇಕಾದರೂ ಮಸೀದಿಯ ಹಿಂದಿನ ಗಲ್ಲಿ ಸುತ್ತಿ ಹೋಗುತ್ತಿದ್ದೆ. ತಪ್ಪು ಅವರದೇ ಎಂದು ಗೆಳೆಯರ ಮುಂದೆ ವಾದಿಸುತ್ತಿದ್ದೆ. ಆದರೆ ಒಳಗೊಳಗೆ ನನಗೆ ಆ ಬೆಂಚು ಬೇಕಾಗಿತ್ತು. ಕಲಬುರಗಿಯಲ್ಲಿ ನನ್ನನ್ನು ಗಿಟಾರಿನವನು ಎಂದು ಗುರುತಿಸಿದ ಮೊದಲ ಮನುಷ್ಯ ಅವರು. ಮನೆಯಲ್ಲಿ ನನ್ನನ್ನು ಫೇಲಾದವನು ಎಂದು ಗುರುತಿಸುತ್ತಿದ್ದರು. ಎರಡನೇ ಕ್ಯಾಸೆಟ್ ಮಾಡೋಣ ಎಂದು ನಾನು ಹಟ ಹಿಡಿದದ್ದು ಸಂಗೀತದ ಸೇವೆಗಲ್ಲ. ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲು ನನಗೊಂದು ನೆಪ ಬೇಕಿತ್ತು.

ಎರಡನೆಯದನ್ನು ಅಸಲಿ ವೇಗದಲ್ಲೇ ಮಾಡಬೇಕೆಂದು ತೀರ್ಮಾನವಾಯಿತು. ಖೂಬಾ ಪ್ಲಾಟಿನ ಕಾಳಿನ ಕೋಣೆಯಲ್ಲಿ ಎರಡು ದಿನ ಓಡೋಡಿ ಬಾರಿಸಿದೆವು. ಬೆರಳು ಒಂದರ ಮೇಲೊಂದು ಬಿದ್ದು ಮುಗ್ಗರಿಸುತ್ತಿದ್ದವು. ಮೂರನೆಯ ದಿನ ಹಾಡುವವನ ಅಜ್ಜಿ ಬಾಗಿಲಿಗೆ ಬಂದು, ‘ಮೊದಲಿನ ಭಜನಿ ಛಲೋ ಇತ್ತು, ಇದು ಬ್ಯಾಡ, ಏಳ್ರಿ’ ಎಂದು ನಮ್ಮನ್ನು ಹೊರಗೆ ಹಾಕಿದಳು. ಜಾಗವಿಲ್ಲದೆ ನಾವು ಕಮಲಾಪುರದ ಬಸ್ ಹತ್ತಿದೆವು. ಅಲ್ಲಿ ನನ್ನ ಸೋದರಮಾವನ ಕೆಂಪು ಬಾಳೆಯ ತೋಟವಿತ್ತು, ತೋಟದಲ್ಲಿ ಪಂಪಿನ ಮನೆಯಿತ್ತು. ಹಗಲಲ್ಲಿ ಪಂಪಿಗೆ ಕರೆಂಟು ಬಂದಾಗ ನಮಗೂ ಬರುತ್ತಿತ್ತು.

ಮಾವ ಊರಿನ ಭಜನಾ ಮೇಳದ ಹಿರಿಯ. ನಮ್ಮ ಆಂಪ್ಲಿಫೈಯರ್ ಕಂಡು ಅವನಿಗೆ ಆಸೆಯಾಗಿ, ಮೇಳದ ಮತ್ತೆ ಮೂವರನ್ನು ಇಳಿಹೊತ್ತಿಗೆ ಕರೆತಂದ. ಅವರು ಏಕತಾರಿ, ದಮ್ಮಡಿ, ತಾಳ ಹಿಡಿದು ಪಂಪಿನ ಮನೆಯ ಮುಂದೆ ಗೋಣಿಚೀಲ ಹಾಸಿ ಕೂತರು. ದಮ್ಮಡಿ ಎಂದರೆ ಒಂದು ಕೈಯಲ್ಲಿ ಹಿಡಿಯುವ ದುಂಡು ಚೌಕಟ್ಟಿಗೆ ಬಿಗಿದ ಚರ್ಮ, ತತ್ವಪದಕ್ಕೆ ಅದೇ ಉಸಿರು. ಅದನ್ನು ಮಾವನೇ ಬಾರಿಸುತ್ತಿದ್ದ. ನಾವು ನಮ್ಮ ಓಡುವ ಹಾಡು ಶುರು ಮಾಡಿದೆವು. ಮಾವನ ಕೈ ನಾಲ್ಕು ಸಲ ಮೇಲೆದ್ದು ಹಾಗೇ ನಿಂತಿತು.

‘ಅಳಿಯಾ, ಯಾರ ಬೆನ್ನ ಹತ್ಯಾರ ನಿಮಗ?’

ನಾವು ನಕ್ಕೆವು, ಆದರೆ ನಗುವಂಥದ್ದೇನೂ ಇರಲಿಲ್ಲ. ಕೈ ಸೋತಿತ್ತು. ಸುಮ್ಮನೆ ಬೆರಳು ಆಡಿಸಲೆಂದು ನಾನು ಮೊದಲಿನ ನಿಧಾನದ ನಡಿಗೆಯಲ್ಲೇ ಹೊಸ ಹಾಡೊಂದನ್ನು ಎತ್ತಿಕೊಂಡೆ. ಪಂಕ್ಚರ್ ಆದ ಸೈಕಲ್ಲಿನ ಹಾಡು ಅದು: ಗಾಳಿ ಇಲ್ಲದ ಗಾಲಿ ನೂಕುತ ಬಿಸಿಲ ದಾರಿಗೆ ಬಂದೆನೋ. ಎರಡನೇ ಸಾಲಿಗೆ ದಮ್ಮಡಿ ಬಂದು ಕೂಡಿತು. ಮೂರನೆಯದಕ್ಕೆ ತಾಳ. ಡ್ರಮ್ಮಿನವನು ಕಣ್ಣರಳಿಸಿ ನನ್ನನ್ನು ನೋಡಿದ. ಮೂರು ವರ್ಷ ನಾವು ತಪ್ಪಾಗಿ ಕಲಿತ ಆ ನಡಿಗೆ ಕಮಲಾಪುರದ ಭಜನೆಯ ನಡಿಗೆಗೆ ಕೂದಲೆಳೆಯ ಅಂತರವಿಲ್ಲದೆ ಹೊಂದಿತ್ತು. ನನ್ನ ಮೈಮೇಲೆ ಮುಳ್ಳು ಎದ್ದವು. ಅಷ್ಟು ಒಳ್ಳೆಯದಾಗಿ ನಾವು ಎಂದೂ ಬಾರಿಸಿರಲಿಲ್ಲ.

ಹಾಡು ಮುಗಿಯಿತು. ನಾವು ಗಿಟಾರ್ ಕೆಳಗಿಟ್ಟೆವು. ಅವರು ಮಾತ್ರ ವಾದ್ಯ ಕೆಳಗಿಡಲಿಲ್ಲ.

‘ಪದ ಮುಗೀಲಿಲ್ಲಲ್ಲ’ ಎಂದ ಮಾವ.

‘ಮುಗೀತು ಮಾವ.’

‘ಅಂಕಿತ ಎಲ್ಲಿ ಅದ?’

ನಮ್ಮ ಕಡೆಯ ತತ್ವಪದದಲ್ಲಿ ಕೊನೆಯ ನುಡಿಗೆ ಗುರುವಿನ ಊರು, ಹೆಸರು ಬರಲೇಬೇಕು. ಅದೇ ಅಂಕಿತ. ಅದು ಬಾರದೆ ಮೇಳದವರಿಗೆ ಪದ ಮುಗಿದಂತಲ್ಲ, ಪದ ಮುಗಿಯದೆ ಅವರು ಜಾಗ ಬಿಟ್ಟು ಏಳುವಂತಿಲ್ಲ. ರಾಕ್ ಹಾಡಿಗೆ ಅಂಕಿತ ಇರುವುದಿಲ್ಲ ಎಂದು ನಾನು ತಿಳಿಹೇಳಿದೆ. ಮಾವ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತಾಳದವನ ಎಮ್ಮೆ ಹಿಂಡುವ ಹೊತ್ತಾಗಿತ್ತು. ಅವನು ಸಂಕಟದಿಂದ ನನ್ನನ್ನು ನೋಡುತ್ತಿದ್ದ.

‘ಲಗೂನ ಹೇಳ್ರಪಾ, ನಿಮ್ಮ ಗುರು ಯಾರು? ಎಮ್ಮಿ ಒದರ್‍ಲಾಕತ್ತದ.’

ಹಾಡುವವನು ಗತ್ತಿನಿಂದ ಒಬ್ಬ ವಿಲಾಯತಿ ಗಿಟಾರಿನವನ ಹೆಸರು ಹೇಳಿದ. ಮಾವ ಕೇಳಿದ: ‘ಅವನ ಮಾರಿ ನೋಡೀರೇನು? ಅವನ ಮುಂದ ಕುಂತೀರೇನು? ನೀವು ತಪ್ಪಿದಾಗ ಇನ್ನೊಮ್ಮಿ ಅನ್ನು ಅಂದಾನೇನು?’

ಆಗ ಡ್ರಮ್ಮಿನವನು ನನ್ನ ಕಡೆ ನೋಡದೆ ಹೇಳಿದ: ‘ಹಂಗ ಕುಂತಿದ್ದು ಚಾಚಾರ ಮುಂದ ಮಾತ್ರ.’

‘ನಮ್ಮನ್ನ ಹಾಳ ಮಾಡಿದವ್ರು ಗುರು ಆಗ್ತಾರೇನು?’ ಎಂದು ನಾನು ರೇಗಿದೆ. ರೇಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಹಾಳಾದದ್ದು ಎಂದು ನಾನು ಹೇಳುತ್ತಿದ್ದ ಅದೇ ನಡಿಗೆಗೆ ಈಗಷ್ಟೇ ನನ್ನ ಮೈಮೇಲೆ ಮುಳ್ಳು ಎದ್ದಿದ್ದವು. ಎಮ್ಮೆ ಮತ್ತೆ ಒದರಿತು. ಕಾಗದ ತೆಗೆದುಕೊಂಡು ಅಲ್ಲೇ ಬರೆದೆ: ಗಾಳಿ ತುಂಬಿ ಸವಾರಿ ಕೊಟ್ಟನು ಮೋಮಿನಪುರದ ಉಸ್ತಾದನೋ. ಮೇಳದವರು ಅದನ್ನು ಮೂರು ಸಲ ಎತ್ತಿ ಹಾಡಿ, ದಮ್ಮಡಿಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದರು. ತಾಳದವನು ಓಡಿಯೇ ಹೋದ.

ಇಡೀ ಕ್ಯಾಸೆಟ್ ಆ ನಡಿಗೆಯಲ್ಲೇ ಆಯಿತು, ಆರು ಹಾಡಿಗೂ ಅದೇ ಅಂಕಿತ. ಮಾವ ಒಂದನ್ನೂ ಬಿಟ್ಟುಕೊಡಲಿಲ್ಲ. ಹಿನ್ನೆಲೆಯಲ್ಲಿ ಪಂಪಿನ ಸದ್ದೂ ಇದೆ. ಅದನ್ನು ನಾವು ಬೇಕೆಂದೇ ಹಾಕಿದ್ದು ಎಂದು ಹೇಳಿಕೊಂಡು ತಿರುಗಿದೆವು.

ಕ್ಯಾಸೆಟ್ ಕೈಗೆ ಬಂದ ದಿನ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೋಮಿನಪುರಕ್ಕೆ ಹೋದೆ. ಮಧ್ಯಾಹ್ನದ ನಮಾಜು ಮುಗಿದಿತ್ತು, ಅಂಗಡಿಯಲ್ಲಿ ಚಾಚಾ ಒಬ್ಬರೇ ಇದ್ದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

‘ಚಾಚಾ, ಒಂದ್ ಕಾಪಿ ಹೊಡೀಬೇಕಾಗಿತ್ರಿ.’

ಅವರು ಕ್ಯಾಸೆಟ್ ತಿರುಗಿಸಿ ನೋಡಿದರು, ಮಷೀನಿಗೆ ಹಾಕಿದರು. ದಮ್ಮಡಿ ಕೇಳಿ ತಲೆ ತೂಗಿದರು. ಗಿಟಾರ್ ಬಂದಾಗ ಗಿರಣಿ ಎನ್ನಲಿಲ್ಲ. ಅಂಕಿತ ಬಂತು. ಅವರು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿದರು. ಮತ್ತೊಮ್ಮೆ ಕೇಳಿದರು. ಆಮೇಲೆ ಮಷೀನ್ ಆರಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಹಿಂದಿನ ಮುಚ್ಚಳ ಬಿಚ್ಚತೊಡಗಿದರು. ಬೆಲ್ಟಿನ ಮಾತು ಇನ್ನೂ ಅವರ ಮನಸ್ಸಿನಲ್ಲಿದೆ ಎಂದುಕೊಂಡೆ.

‘ಇಲ್ಲಿ ನೋಡ್ ಬೇಟಾ.’

ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು, ತೂತಿನೊಳಗೆ ಒಂದು ಸ್ಕ್ರೂ. ಅಂಚಿಗೆ ಉಗುರಿಗೆ ಹಚ್ಚುವ ಬಣ್ಣದಲ್ಲಿ ಎರಡು ಚುಕ್ಕೆ ಇಟ್ಟಿದ್ದರು, ಒಂದು ಕೆಂಪು, ಒಂದು ಗುಲಾಬಿ.

‘ಈ ಲಾಲ್ ಚುಕ್ಕಿ ಅಸಲಿ ಸ್ಪೀಡ್. ಎಲ್ಲಾ ಗಿರಾಕಿಗೂ ಇದೇ. ಆ ಗುಲಾಬಿ ನಿಮ್ದು. ಮೊದಲ್ನೇ ವಾರ ನಿನ್ನ ಬೆರಳಿಗಿ ಏನೂ ಸಿಗವಲ್ದು, ಕಣ್ಣಾಗ ನೀರು ತಂದಿದ್ದಿ. ಅದಕ್ಕೇ ಸ್ಪೀಡ್ ಇಳಿಸ್ದೆ. ಕಲ್ತ ಮ್ಯಾಲ ಥೋಡೆ ಥೋಡೆ ಏರ್ಸಿದ್ರಾಯ್ತು ಅಂತ ಮಾಡಿದ್ದೆ. ಅಷ್ಟ್ರಾಗ ನೀವು ಕ್ಯಾಸೆಟ್ಟೇ ತಂದ್ಬಿಟ್ರಿ.’

ಮೋಮಿನಪುರದಲ್ಲಿ ಬೇರೆ ಯಾರೂ ಹಾಡು ನಿಧಾನವೆಂದು ದೂರಿರಲಿಲ್ಲ. ಅದು ನನಗೆ ಹೊಳೆದದ್ದು ಆ ಕ್ಷಣದಲ್ಲಿ.

‘ಅವತ್ತ ಯಾಕ ಹೇಳಲಿಲ್ರಿ ಚಾಚಾ? ಅಷ್ಟ ಮಂದಿ ಮುಂದ ನಾ ಬೈದೆ.’

‘ಅಷ್ಟ ಮಂದಿ ಮುಂದ ಏನಂತ ಹೇಳ್ಲಿ? ಈ ಹುಡುಗಗ ಬರಾಂಗಿಲ್ಲ, ಅದಕ್ಕ ಇಳಿಸೀನಿ ಅಂತ ಹೇಳ್ಲ್ಯಾ?’

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅಳು ಬಂತು ಎಂದು ಹೇಳಲು ಈಗ ನನಗೆ ಸಂಕೋಚವಿಲ್ಲ. ಚಾಚಾ ನನ್ನನ್ನು ಅಳಲು ಬಿಟ್ಟು ಸ್ಕ್ರೂಡ್ರೈವರಿನ ತುದಿಯನ್ನು ಆ ತೂತಿಗೆ ಹಿಡಿದರು.

‘ಈಗ ಏರಿಸ್ಲ್ಯಾ?’

‘ಬ್ಯಾಡ್ರಿ ಉಸ್ತಾದ್’ ಎಂದೆ. ‘ನನಗಿನ್ನೂ ಬಂದಿಲ್ಲ.’