ಕೊಂಡಪಲ್ಲಿ ರಸ್ತೆಯ ಯಾರ್ಡಿನಲ್ಲಿ ಧೂಳು ಹಿಡಿದಿದ್ದ ನಮ್ಮ ಕಾರು

ಕಳೆದ ದಸರಾ ಹಬ್ಬಕ್ಕೆ ಎರಡು ದಿನ ಮುಂಚೆ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ಶೋರೂಮಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಿ ನಾನು ಎಲೆಕ್ಟ್ರಿಕ್ ಕಾರೊಂದನ್ನು ಬುಕ್ ಮಾಡಿದೆ. ನಾನು ಗದಗ ಕಡೆಯವನು, ಬ್ಯಾಂಕ್ ಅಧಿಕಾರಿ. ವರ್ಗಾವಣೆಯಾಗಿ ಆಂಧ್ರಕ್ಕೆ ಬಂದು ಆರು ವರ್ಷವಾಗಿತ್ತು. "ಎಂಟು ವಾರ ಸಾರ್, ಅಷ್ಟರೊಳಗೆ ಕೊಟ್ಟುಬಿಡುತ್ತೇವೆ" ಎಂದು ಶೋರೂಮಿನ ಸತ್ತಿಬಾಬು ಹೇಳಿದರು. ನಲವತ್ತು ದಾಟಿದ, ಬಹಳ ಮೆತ್ತಗೆ ಮಾತನಾಡುವ ಮನುಷ್ಯ. ಅಷ್ಟು ಮೆತ್ತಗೆ ಮಾತನಾಡುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಅದು ನನ್ನ ಕೆಲಸ ಕಲಿಸಿದ ಬುದ್ಧಿ. ಸಾಲ ಪಡೆದ ವ್ಯಾಪಾರಿಗಳ ಗೋದಾಮಿಗೆ ಹೇಳದೆ ಕೇಳದೆ ಹೋಗಿ, ಕಾಗದದಲ್ಲಿ ತೋರಿಸಿದ ಮಾಲು ನಿಜವಾಗಿಯೂ ಇದೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ಮುಂದಿನ ಸಾಲಿನಲ್ಲಿ ಅಕ್ಕಿ ಮೂಟೆ ಜೋಡಿಸಿ ಹಿಂದೆ ಹೊಟ್ಟು ತುಂಬಿದ ಮೂಟೆ ಇಟ್ಟವರನ್ನು ಕಂಡಿದ್ದೇನೆ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಹಾಲಿನವನು ನಕ್ಕರೂ ಪಾತ್ರೆಯೊಳಗೆ ಬಗ್ಗಿ ನೋಡುತ್ತೀರಿ ಎಂದು ಹೆಂಡತಿ ಸುನಂದಾ ಛೇಡಿಸುತ್ತಾಳೆ.

ಕಾರು ಬೇಕಾಗಿದ್ದುದು ಅವಳಿಗಾಗಿಯೇ. ಎರಡು ವರ್ಷದ ಹಿಂದೆ ನಾನು ಓಡಿಸುತ್ತಿದ್ದ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದು ಅವಳ ಬೆನ್ನುಮೂಳೆಗೆ ಪೆಟ್ಟಾಗಿ ಆಪರೇಷನ್ ಆಗಿತ್ತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬುಕ್ ಮಾಡಿದ ಮರು ತಿಂಗಳೇ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ವಾರಕ್ಕೆ ಮೂರು ದಿನ ಅವಳು ಫಿಸಿಯೋಥೆರಪಿಗೆ ಹೋಗಬೇಕಿತ್ತು. ನಮ್ಮ ಮನೆ ಇದ್ದದ್ದು ಏರಿನ ಗಲ್ಲಿಯಲ್ಲಿ, ಆಟೋ ಒಂದೇ ಗತಿ. ರಸ್ತೆಯ ಪ್ರತಿ ಉಬ್ಬಿಗೂ ಅವಳು ಆಟೋದ ಕಂಬಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎತ್ತರದ ಸೀಟಿನ, ಅಲುಗಾಟ ಕಡಿಮೆ ಇರುವ ಗಾಡಿ ತೆಗೆದುಕೊಳ್ಳಿ ಎಂದು ಡಾಕ್ಟರೇ ಹೇಳಿದ್ದರು. ಬುಕಿಂಗನ್ನು ವಿಶಾಖಪಟ್ಟಣಕ್ಕೆ ಬದಲಾಯಿಸಿದರೆ ಸರದಿಯ ಕೊನೆಗೆ ಹೋಗುತ್ತೀರಿ ಎಂದು ಶೋರೂಮಿನವರು ಹೇಳಿದ್ದಕ್ಕೆ ವಿಜಯವಾಡದಲ್ಲೇ ಉಳಿಸಿಕೊಂಡೆ.

ಎಂಟು ವಾರ ಕಳೆಯಿತು, ಹತ್ತಾಯಿತು. ಫೋನ್ ಮಾಡಿದಾಗಲೆಲ್ಲ ಸತ್ತಿಬಾಬು "ಒಚ್ಚೇ ವಾರಂ ಸಾರ್" ಎನ್ನುತ್ತಿದ್ದರು. ಮುಂದಿನ ವಾರ ಎಂದರ್ಥ. ಒಮ್ಮೆ ಬ್ಯಾಟರಿ ಬಂದಿಲ್ಲ ಎಂದರು, ಇನ್ನೊಮ್ಮೆ ಲಾರಿ ಸಿಕ್ಕಿಲ್ಲ ಎಂದರು. ನಾನು ಒಂದು ಡೈರಿಯಲ್ಲಿ ಅವರು ಹೇಳಿದ ಕಾರಣಗಳನ್ನೆಲ್ಲ ಬರೆದಿಟ್ಟೆ. ಸಂಕ್ರಾಂತಿ ಕಳೆದ ಮೇಲಂತೂ ಅವರು ಕಾರಣ ಕೊಡುವುದನ್ನೇ ಬಿಟ್ಟರು. "ಸ್ವಲ್ಪ ಓಪಿಕ ಪಟ್ಟಂಡಿ ಸಾರ್, ತಾಳ್ಮೆ ಇರಲಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ನನ್ನ ತಲೆಯಲ್ಲಿ ಹುಳ ಕೊರೆಯಲು ಶುರುವಾದದ್ದೇ ಆಗ. ಕಾರಣ ಹೇಳುವವನಿಗಿಂತ ಕಾರಣ ಹೇಳದವನು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವ. ನಮ್ಮ ಕಾರನ್ನು ಯಾರೋ ದೊಡ್ಡವರಿಗೆ ಕೊಟ್ಟುಬಿಟ್ಟಿದ್ದಾರೆ ಎಂದು ನಿರ್ಧಾರ ಮಾಡಿಕೊಂಡೆ.

ಎಷ್ಟು ದಿನ ಕಾಯುವುದು ಎನ್ನುವುದೇ ಮನೆಯಲ್ಲಿ ದಿನದ ಮಾತಾಯಿತು. ಡಿಸೆಂಬರ್ ಕೊನೆ ಎಂದು ಗಡುವು ಹಾಕಿದ್ದೆ, ಅದು ಹೋಯಿತು. ಸಂಕ್ರಾಂತಿ ಎಂದೆ, ಅದೂ ಹೋಯಿತು. ಬೇರೆ ಕಂಪನಿಯ ಕಾರು ವಿಶಾಖಪಟ್ಟಣದಲ್ಲೇ ಒಂದು ವಾರದಲ್ಲಿ ಸಿಗುತ್ತಿತ್ತು.

"ಇದನ್ನ ಕ್ಯಾನ್ಸಲ್ ಮಾಡಿ ಅದನ್ನ ತಗೊಂಡಬಿಡೋಣ" ಎಂದರೆ ಸುನಂದಾ ಒಪ್ಪಲಿಲ್ಲ.

"ಇಷ್ಟ ದಿನ ಕಾದೀವಿ, ಇನ್ನೊಂದ ಹದಿನೈದ ದಿನ ನೋಡ್ರಿ. ನನಗೇನ ಆಟೋ ರೂಢಿ ಆಗೇತಿ" ಎಂದಳು.

ಹಾಗೆನ್ನುವಾಗಲೂ ಅವಳ ಕೈ ಸೊಂಟದ ಮೇಲಿತ್ತು. ಇವಳ ಒಳ್ಳೆಯತನವನ್ನು ಅವರು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆಂದು ನನಗೆ ಮೈ ಉರಿಯಿತು. ಅವಳಿಗೆ ತಿಳಿಸದೆ ಕಂಪನಿಯ ಮುಖ್ಯ ಕಚೇರಿಗೆ ಸತ್ತಿಬಾಬು ಅವರ ಹೆಸರು ಹಾಕಿ ಕಟುವಾದ ಒಂದು ದೂರು ಕಳಿಸಿದೆ. ನಾಲ್ಕು ದಿನ ಬಿಟ್ಟು, ಆಫೀಸಿನ ಕೆಲಸ ಎಂದು ಮನೆಯಲ್ಲಿ ಹೇಳಿ ಬೆಳಗಿನ ರೈಲು ಹತ್ತಿದೆ. ಗೋದಾಮು ತಪಾಸಣೆಗೆ ಹೋಗುವ ಹಾಗೆಯೇ, ಯಾರಿಗೂ ಸುಳಿವು ಕೊಡಲಿಲ್ಲ.

ಶೋರೂಮಿಗೆ ಹೋಗಲೇ ಇಲ್ಲ. ಅವರ ಕಾರುಗಳು ನಿಲ್ಲುವ ಯಾರ್ಡು ಕೊಂಡಪಲ್ಲಿಗೆ ಹೋಗುವ ರಸ್ತೆಯಲ್ಲಿದೆ ಎಂದು ಹಿಂದೆ ಯಾವಾಗಲೋ ಕೇಳಿದ್ದೆ. ಆಟೋದಲ್ಲಿ ನೇರ ಅಲ್ಲಿಗೇ ಹೋಗಿ, ಗೇಟಿನವನಿಗೆ ಬ್ಯಾಂಕಿನ ಗುರುತಿನ ಚೀಟಿ ತೋರಿಸಿ, ತಪಾಸಣೆ ಎಂದೆ. ಸುಳ್ಳು ಹೇಳಿದೆ, ಒಪ್ಪಿಕೊಳ್ಳುತ್ತೇನೆ. ಒಳಗೆ ಹೋಗಿ ನೋಡಿದರೆ ಸಾಲು ಸಾಲು ಹೊಸ ಕಾರುಗಳು. ಸ್ಟಾಕ್ ಇಲ್ಲ ಎಂದು ನಮ್ಮ ಕಿವಿ ಮೇಲೆ ಹೂ ಇಟ್ಟು ಇಲ್ಲಿ ಬಚ್ಚಿಟ್ಟಿದ್ದಾರೆ ಎಂದುಕೊಂಡೆ. ಮೂರನೇ ಸಾಲಿನಲ್ಲಿ ನಾವು ಆರಿಸಿದ ಬೂದು ಬಣ್ಣದ ಕಾರು ನಿಂತಿತ್ತು. ಗಾಜಿನ ಒಳಗೆ ಅಂಟಿಸಿದ ಕಾಗದದಲ್ಲಿ ನನ್ನ ಹೆಸರೇ ಇತ್ತು. ಬಾನೆಟ್ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಧೂಳು.

ಫೋಟೋ ತೆಗೆಯುತ್ತಿದ್ದಾಗ ಹಿಂದಿನಿಂದ "ನಮಸ್ಕಾರಂ ಸಾರ್" ಎಂಬ ದನಿ ಕೇಳಿತು. ಸತ್ತಿಬಾಬು ಕೈಯಲ್ಲಿ ಕೀಗಳ ಗೊಂಚಲು ಹಿಡಿದು ನಿಂತಿದ್ದರು.

"ನೀವು ಇಲ್ಲಿ?" ಎಂದೆ.

"ನಿಮ್ಮ ಮೇಲ್ ಬಂದ ಮೇಲೆ ನನ್ನನ್ನು ಶೋರೂಮಿನಿಂದ ಯಾರ್ಡಿಗೆ ಹಾಕಿದ್ದಾರೆ ಸಾರ್" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೂ ನಾಟಕವೇ ಇರಬಹುದೆಂದು ನನಗೆ ಅನ್ನಿಸಿತು.

ನನಗೆ ಬರುವ ಹರಕು ತೆಲುಗಿನಲ್ಲೇ ಬಾಯಿಗೆ ಬಂದಂತೆ ಕೂಗಾಡಿದೆ. ಈ ಕಾರು ಯಾವಾಗ ಬಂತು, ಯಾರಿಗೆ ಮಾರಬೇಕೆಂದಿದ್ದೀರಿ, ಇಷ್ಟೊಂದು ಕಾರು ಯಾಕೆ ಮುಚ್ಚಿಟ್ಟಿದ್ದೀರಿ ಎಂದೆಲ್ಲ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸಂಕ್ರಾಂತಿ ಮರುದಿನ ಬಂತು ಸಾರ್. ಇಲ್ಲಿರುವ ಎಲ್ಲಕ್ಕೂ ಹೆಸರಿದೆ, ನೋಡಿ. ಈಗ ಮೂಢಂ ಅಲ್ಲವಾ? ಶುಕ್ರ ಕಾಣಿಸದ ದಿನಗಳು. ನಮ್ಮ ಕಡೆ ಮದುವೆ, ಗೃಹಪ್ರವೇಶ ಮಾಡುವುದಿಲ್ಲ, ಹೊಸ ಗಾಡಿಯನ್ನೂ ಮನೆಗೆ ತರುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಎಲ್ಲರೂ ಬರುತ್ತಾರೆ."

"ನಾನು ಮೂಢಂ ನೋಡಿ ಎಂದು ನಿಮಗೆ ಹೇಳಿದ್ದೆನಾ?"

ಅವರು ಗೊಂಚಲಿನಲ್ಲಿ ನಮ್ಮ ಕಾರಿನ ಕೀ ಹುಡುಕಿ ತೆಗೆದರು. "ಬೇಕಾದರೆ ಪೇಪರಿಗೆ ಸಹಿ ಮಾಡಿ, ಇವತ್ತೇ ರಿಜಿಸ್ಟ್ರೇಷನ್ ಕೆಲಸ ಶುರು ಮಾಡಿಸುತ್ತೇನೆ. ಅದಕ್ಕೂ ಮೊದಲು ಒಮ್ಮೆ ಮೇಡಂ ಗಾರಿಗೆ ಫೋನ್ ಮಾಡಿ ಸಾರ್" ಎಂದರು. ಇದರಲ್ಲಿ ಮೇಡಂ ಯಾಕೆ ಬಂದರು ಎಂದು ಕೇಳಿದೆ. ಅವರು ನಮ್ಮ ಮಾತು ಕೇಳಿಸದಷ್ಟು ದೂರ ಹೋಗಿ ನಿಂತರು.

ಸುನಂದಾಗೆ ಫೋನ್ ಮಾಡಿ, ನಮ್ಮ ಕಾರಿನ ಮುಂದೆ ನಿಂತಿದ್ದೇನೆ ಎಂದೆ.

"ಅವರಿಗೆ ಏನೂ ಅನಬ್ಯಾಡ್ರಿ. ಕಾರ ಬಂದೇತಿ ಅಂತ ಅವರು ಮನಿಗೆ ಫೋನ್ ಮಾಡಿದಾಗ ನಾನs ತಡೀರಿ ಅಂದಿದ್ದೆ" ಎಂದಳು. "ಯಾರಿಗೂ ಹೇಳಬ್ಯಾಡ್ರಿ ಅಂತ ಆಣಿನೂ ಹಾಕಿಸಿಕೊಂಡಿದ್ದೆ."

"ಯಾಕ?"

"ಸ್ಕೂಟರ್ ತಂದದ್ದೂ ಮೂಢಂದಾಗs ಅಲ್ರೀ. ಪಕ್ಕದ ಮನಿಯವರು ನಾಕs ದಿನ ತಡೀರಿ ಅಂದ್ರು. ನೀವು ಕೇಳಲಿಲ್ಲ."

ಅದು ನನಗೆ ಮರೆತೇ ಹೋಗಿತ್ತು. ನಾನು ಆ ಪಕ್ಕದ ಮನೆಯವರ ಎದುರೇ ನಕ್ಕು, ಶುಕ್ರ ಕಾಣದಿದ್ದರೆ ಹೆಡ್‌ಲೈಟ್ ಹಾಕಿಕೊಂಡರಾಯಿತು ಎಂದಿದ್ದೆ. ಆಮೇಲೆ ಎಷ್ಟೋ ಜನರ ಮುಂದೆ ಅದನ್ನು ತಮಾಷೆಯಾಗಿ ಹೇಳಿದ್ದೆ. ಅವಳು ಬಿದ್ದ ಮೇಲೆ ಮಾತ್ರ ಹೇಳಿರಲಿಲ್ಲ.

ಸತ್ತಿಬಾಬು ಅವರ ಹತ್ತಿರ ಹೋದೆ. "ನಿಮ್ಮ ಮ್ಯಾನೇಜರಿಗಾದರೂ ಹೇಳಬಹುದಿತ್ತಲ್ಲ?" ಎಂದೆ.

"ಹೇಳಿದರೆ ಅವರು ನಿಮಗೆ ಬರೆದು ತಿಳಿಸುತ್ತಿದ್ದರು ಸಾರ್. ಮೇಡಂ ಫೋನಿನಲ್ಲಿ ಅತ್ತುಬಿಟ್ಟರು. ಇನ್ನು ನಾನು ಹೇಗೆ ಹೇಳಲಿ?"

ಅಲ್ಲೇ ನಿಂತು, ತಪ್ಪು ನನ್ನದೇ, ಕಾರನ್ನು ತಡೆಹಿಡಿಯಲು ನಮ್ಮ ಮನೆಯವರೇ ಕೇಳಿದ್ದರು ಎಂದು ಮುಖ್ಯ ಕಚೇರಿಗೆ ಮೇಲ್ ಬರೆದೆ. ಅವರಿಗೆ ಕೈ ಮುಗಿದೆ. ಅವರು ಮುಜುಗರಪಟ್ಟು ನನ್ನ ಕೈ ಹಿಡಿದು ಕೆಳಗಿಳಿಸಿದರು. ಮುಂದಿನ ವಾರ ಅವರು ಮತ್ತೆ ಶೋರೂಮಿಗೆ ಬಂದರೆಂದು ತಿಳಿದಾಗಲೇ ನನಗೆ ಉಸಿರು ಬಂದದ್ದು.

ಮನೆಗೆ ಬಂದಾಗ ಸುನಂದಾ ಊಟ ಬಡಿಸಿದಳು. ಇಷ್ಟು ದಿನ ಆ ಆಟೋದಲ್ಲಿ ಕುಲುಕಿಸಿಕೊಂಡು ಓಡಾಡುವ ಬದಲು ನನಗೊಂದು ಮಾತು ಹೇಳಬಾರದಿತ್ತೇ ಎಂದು ನಾನೇ ಕೇಳಿದೆ.

"ಹೇಳಿದ್ರ ನೀವು ನಗತಿದ್ರಿ" ಎಂದಳು. ನನ್ನ ತಟ್ಟೆಗೆ ಅನ್ನ ಹಾಕುತ್ತ, "ಬೆನ್ನನೋವು ಹ್ಯಾಂಗರ ತಡಕೋತೀನ್ರಿ. ನೀವು ನಕ್ಕದ್ದನ್ನ ತಡಕೊಳ್ಳಾಕ ಆಗೂದಿಲ್ಲ" ಎಂದಳು.

ಕಾರನ್ನು ನಾವು ಶಿವರಾತ್ರಿ ಕಳೆದ ಮೇಲೆಯೇ ತಂದೆವು. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಅವಳ ಜೊತೆ ಆಟೋದಲ್ಲಿ ನಾನೂ ಕೂತು ಹೋಗಿ ಬಂದೆ. ಮೂಢಂ ಮೇಲೆ ನನಗೆ ಇವತ್ತಿಗೂ ನಂಬಿಕೆ ಇಲ್ಲ, ಆದರೆ ಯಾರ ಎದುರೂ ಆ ಬಗ್ಗೆ ನಗುವುದಿಲ್ಲ. ಶೋರೂಮಿನಲ್ಲಿ ಒಂದೇ ಒಂದು ಸಲ ನೋಡಿದ್ದ ಮನುಷ್ಯನ ಹತ್ತಿರ ಅವಳು ಮನಸ್ಸು ಬಿಚ್ಚಿ ಅತ್ತಿದ್ದಳು. ಇಪ್ಪತ್ತೇಳು ವರ್ಷ ಜೊತೆಗಿದ್ದ ನನ್ನ ಹತ್ತಿರ ಅಳಲು ಹೆದರಿದ್ದಳು. ಅದು ನೆನಪಾದಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.