ಸದ್ದಿಲ್ಲದೆ ಬಂದ ಕರೆ

ಶೈಲಾ, ಆ ಭಾನುವಾರ ನಿತಿನ್ ಫೋನ್ ಮಾಡಲೇ ಇಲ್ಲ ಎಂದು ನೀನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯಲ್ಲ — ಮಾಡಿದ್ದ. ಒಂದು ಸಲವಲ್ಲ, ಮತ್ತೆ ಮತ್ತೆ ಮಾಡಿದ್ದ. ಅದರ ಸದ್ದು ತೆಗೆದವಳು ನಾನು, ನಿನ್ನ ಒಡಹುಟ್ಟಿದ ಅಕ್ಕ. ಕೈತಪ್ಪಿ ಆದದ್ದಲ್ಲ. ಬೇಕೆಂದೇ ತೆಗೆದೆ.

ಹೇಳಿಬಿಟ್ಟೆ ನೋಡು. ಇನ್ನು ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ಸಂದು ಹುಡುಕಿ ಜಾರಿಕೊಳ್ಳುವವಳೇ ನಾನು, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ?

ಪುಣೆಯಲ್ಲಿ ಆಗಿನ್ನೂ ಮನೆಮನೆಗೆ ಮೊಬೈಲು ಬರುತ್ತಿದ್ದ ಕಾಲ. ವಿಜಾಪುರದಿಂದ ಬಂದ ಅಪ್ಪ ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತ. ನಮ್ಮದು ಕಾತ್ರಜದ ಹತ್ತಿರ, ವಠಾರದಂಥ ಚಾಳೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು ಕಂಪ್ಯೂಟರ್ ಕ್ಲಾಸೊಂದರಲ್ಲಿ ಕಲಿಸುತ್ತಿದ್ದೆ. ಬಿಡುವಾದಾಗ ಹಾಡು ಕತ್ತರಿಸಿ ರಿಂಗ್‌ಟೋನ್ ಮಾಡುವುದು ನನ್ನ ಹುಚ್ಚು. ಪರದೆಯ ಮೇಲೆ ಹಾಡು ಏರಿಳಿತದ ಗೆರೆಯಾಗಿ ಹರಡುತ್ತಿತ್ತು; ಬೇಕಾದ ತುಂಡು ಉಳಿಸಿ, ಬೇಡದ್ದು ಕತ್ತರಿಸಿ, ಸದ್ದು ಏರಿಸಿ, ಕೇಬಲ್ ಹಚ್ಚಿ ಫೋನಿಗೆ ಹಾಕುವುದು. ಚಾಳಿನ ಮಕ್ಕಳೆಲ್ಲ ನನ್ನನ್ನು "ರಿಂಗ್‌ಟೋನ್ ತಾಯಿ" ಎಂದೇ ಕರೆಯುತ್ತಿದ್ದರು. ನಿನ್ನ ಫೋನಿನಲ್ಲಂತೂ ಒಬ್ಬೊಬ್ಬರಿಗೆ ಒಂದೊಂದು. ಅಪ್ಪನ ನಂಬರಿಗೆ ಅವರದೇ ಕೆಮ್ಮು ಹಾಕಿದ್ದೆ. ಬಸ್ಸಿನಲ್ಲಿ ಅದು ಕೆಮ್ಮಿದರೆ ಪಕ್ಕದವರು ಸರಿದು ಕೂಡುತ್ತಾರೆ ಎಂದು ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಿತಿನ್‌ನ ನಂಬರಿಗೆ ದೇವರ ಗಂಟೆ. ಅದು ನಿನ್ನದೇ ಉಪಾಯ. ಸೊಲ್ಲಾಪುರದ ರೈಲಿನಲ್ಲಿ ಪರಿಚಯವಾದ, ದೌಂಡದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಮರಾಠಿ ಹುಡುಗ — ಅವನ ಕರೆ ಮನೆಯಲ್ಲಿ ಯಾರಿಗೂ ಅನುಮಾನ ತರಬಾರದು. ಅಪ್ಪ ಪೂಜೆ ಮಾಡುವಾಗ ಗಂಟೆಯ ನಾದವನ್ನು ಕದ್ದು ರೆಕಾರ್ಡ್ ಮಾಡಿ ನಾನೇ ಕತ್ತರಿಸಿ ಕೊಟ್ಟೆ. ನಿನ್ನ ಫೋನು ಮೊಳಗಿದಾಗೆಲ್ಲ ಅವ್ವ ಅಡುಗೆಮನೆಯಿಂದಲೇ ಕೈ ಮುಗಿಯುವಳು. ನೀನು ಮಾತ್ರ ಟೆರೇಸಿಗೆ ಓಡುವೆ. ಫೋನು ನಡುಗುವುದನ್ನೂ ನಾನೇ ನಿಲ್ಲಿಸಿಟ್ಟಿದ್ದೆ, ಕಬ್ಬಿಣದ ಕಪಾಟಿನ ಮೇಲೆ ಗುರ್ರ್ ಎಂದರೆ ಅವ್ವ ಬೆಚ್ಚುತ್ತಾಳೆಂದು. ನಮ್ಮ ಆ ದಿನಗಳು ಎಷ್ಟು ಚೆನ್ನಾಗಿದ್ದವು. ಅವನ್ನು ಹಾಳು ಮಾಡಿದ ಕೈ...

ಆ ಭಾನುವಾರ ನನ್ನನ್ನು ನೋಡಲು ಧಾರವಾಡದವರು ಬರುವವರಿದ್ದರು. ಮೂವತ್ತು ದಾಟಿದ್ದೆ. ಅದುವರೆಗೆ ಬಂದವರೆಲ್ಲ ಸೀರಾ ತಿಂದು, ಚಹಾ ಕುಡಿದು, "ಹೋಗಿ ತಿಳಸ್ತೀವ್ರಿ" ಎಂದವರೇ. ತಿಳಿಸಿದವರು ಒಬ್ಬರೂ ಇಲ್ಲ. ಅವ್ವ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಳು.

ನಿನ್ನದೂ ಅಂದೇ ತೀರ್ಮಾನವಾಗಬೇಕಿತ್ತು. ನಿತಿನ್‌ನ ಆಯಿಗೆ, ಅಂದರೆ ಅವನ ತಾಯಿಗೆ, ದೌಂಡದಲ್ಲೇ ಬೇರೆ ಹುಡುಗಿಯ ಮನೆಯವರು ಗಂಟುಬಿದ್ದಿದ್ದರು, ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಆಯಿ ನಿನ್ನನ್ನು ಒಪ್ಪಿದರೆ ನಾಲ್ಕರಿಂದ ಐದರೊಳಗೆ ಅವನು ಫೋನ್ ಮಾಡುತ್ತಾನೆ, ನೀನೇ ಆಯಿಯ ಜೊತೆ ಮಾತಾಡಬೇಕು. ಕರೆ ಬಾರದಿದ್ದರೆ ಅವಳು ಒಪ್ಪಲಿಲ್ಲವೆಂದು ನೀನು ತಿಳಿಯಬೇಕು. ನೀನು ಎತ್ತದಿದ್ದರೆ ಮನೆಯವರ ಮಾತಿಗೆ ಕಟ್ಟುಬಿದ್ದೆಯೆಂದು ಅವನು ತಿಳಿಯಬೇಕು. ಆಮೇಲೆ ಯಾರೂ ಯಾರನ್ನೂ ಕಾಡಬಾರದು. ಎಂಥ ಒಪ್ಪಂದ, ಮಾರಾಯ್ತಿ! ಮಾನಕ್ಕೆ ಅಂಜುವವರಿಬ್ಬರು ಸೇರಿ ಮಾಡಿದ ಒಪ್ಪಂದ.

ಶನಿವಾರ ನಾನು ಕ್ಲಾಸಿಗೆ ಹೊರಟಾಗ ನೀನು ಫೋನನ್ನು ನನ್ನ ಕೈಗಿಟ್ಟೆ.

"ಅಕ್ಕಾ, ನಾಳೆ ಮನ್ಯಾಗ ಭಾಳ ಗದ್ಲ ಇರ್ತದ. ಗಂಟಿ ಸಪ್ಪಳ ಜೋರ್ ಮಾಡಿ ಕೊಡ. ಅಡಗಿಮನಿತನಾ ಕೇಳಬೇಕು ನೋಡ."

"ಒಂದ ವಾರ ತಡಿಲಿಕ್ಕೆ ಆಗೂದಿಲ್ಲೇನು? ಅವರು ನನ್ನ ನೋಡಿ ಹೋಗ್ಲಿ," ಎಂದೆ.

"ಅವರ ಆಯಿ ತಡೀಬೇಕಲ್ಲ. ಆಕಿ ಹ್ಞೂಂ ಅಂದ ಮ್ಯಾಲೆ ಅಪ್ಪಗೂ ಅವತ್ತ ಹೇಳಿಬಿಡ್ತೀನಿ. ಸುಳ್ಳ ಇಟಗೊಂಡು ಕೂಡೂದು ನನಗ ಸಾಕಾಗೇದ."

ಅವತ್ತೇ. ಧಾರವಾಡದವರು ಕೂತಿರುವಾಗಲೇ. ತಂಗಿ ಬೇರೆ ಜಾತಿಯವನ ಜೊತೆ ಹೊರಟಿದ್ದಾಳೆಂದರೆ ಅವರು ಚಪ್ಪಲಿ ಮೆಟ್ಟಿ ಇಳಿದು ಹೋಗುವುದು ನನಗೆ ಅಲ್ಲಿಯೇ ಕಂಡಿತು. ಮತ್ತೆ — ಇದನ್ನೂ ಹೇಳಬೇಕು — ನನಗೆ ಹೊಟ್ಟೆಕಿಚ್ಚೂ ಆಯಿತು. ನನ್ನನ್ನು ಯಾರೂ ಒಪ್ಪುತ್ತಿಲ್ಲ, ಇವಳಿಗಾಗಿ ಒಬ್ಬ ತನ್ನ ತಾಯಿಯ ಕಾಲು ಹಿಡಿದಿದ್ದಾನೆ. ಜಾತಿ, ಅಪ್ಪನ ಮರ್ಯಾದೆ, ಇವೆಲ್ಲ ಆಮೇಲೆ ಹುಡುಕಿಕೊಂಡ ನೆಪಗಳು.

ಕ್ಲಾಸಿನಲ್ಲಿ ಗಂಟೆಯ ಫೈಲು ತೆರೆದೆ. ಸದ್ದು ಏರಿಸಲೆಂದೇ ತೆರೆದೆ, ಇದು ಸತ್ಯ. ಏರಿಸಿಯೂ ಏರಿಸಿದೆ. ಆಮೇಲೆ... ಅದೇ ಪಟ್ಟಿಯಲ್ಲಿ ಕೆಳಗೆ, ಆರಿಸಿದ ಭಾಗವನ್ನು ಮೌನ ಮಾಡುವ ಆಯ್ಕೆಯೊಂದಿತ್ತು. ಒತ್ತಿದೆ. ಏರಿಳಿತವೆಲ್ಲ ಮಾಯವಾಗಿ ಒಂದು ನೆಟ್ಟಗಿನ ಗೆರೆ ಉಳಿಯಿತು. ಅದನ್ನು ಅದೇ ಹೆಸರಿನಲ್ಲಿ ನಿನ್ನ ಫೋನಿಗೆ ಹಾಕಿದೆ. ಹೆಸರು ಬದಲಾಗದಿದ್ದರೆ ಫೋನಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನಿತಿನ್ ಕರೆದರೆ ಅದನ್ನೇ ನುಡಿಸುತ್ತದೆ. ಸದ್ದಿಲ್ಲದ ಗಂಟೆಯನ್ನು.

ನೀನು ನುಡಿಸಿ ನೋಡುತ್ತೀಯೆಂಬ ಭಯ ಇತ್ತು. ನೋಡಲಿ, ನಾನು ಸಿಕ್ಕಿಬೀಳಲಿ ಎಂಬ ಆಸೆಯೂ ಇತ್ತೇನೋ. ನೀನು ನೋಡಲಿಲ್ಲ. "ಜೋರ್ ಆಗೇದಲ್ಲ?" ಎಂದು ನೀನು ಕೇಳಿದೆ. ನಾನು ತಲೆಯಾಡಿಸಿದೆ. ನಿನಗೆ ಅಷ್ಟೇ ಸಾಕಾಯಿತು.

ಭಾನುವಾರ ಮೂರೂವರೆಗೇ ಅವರು ಬಂದರು. ನೀನು ಫೋನನ್ನು ಕಪಾಟಿನ ಮೇಲಿಟ್ಟು ಒಳಗೆ ಅವ್ವನ ಕೈಗೆ ನೆರವಾಗಿದ್ದೆ. ನಾನು ರೇಷ್ಮೆ ಸೀರೆಯುಟ್ಟು ಚಾಪೆಯ ಮೇಲೆ, ಕಪಾಟಿಗೆ ಎದುರಾಗಿ ಕೂತಿದ್ದೆ. ನಾಲ್ಕು ಹೊಡೆದ ಮೇಲೆ ಫೋನು ಜೋರಾಗಿ ಮೊಳಗಿತು. ನಿನ್ನ ಗೆಳತಿಯ ಕರೆ, ಅವಳಿಗೆ ಹಾಕಿದ ಹಾಡು. ನೀನು ಹಿಟ್ಟಿನ ಕೈಯಲ್ಲೇ ಓಡಿಬಂದೆ, ಬೇಗ ಮಾತು ಮುಗಿಸಿ ಅಲ್ಲೇ ಇಟ್ಟು ಹೋದೆ. ಫೋನು ಸರಿಯಾಗಿದೆಯೆಂಬ ಭರವಸೆ ನಿನ್ನ ಮುಖದಲ್ಲಿ ಕಂಡಿತು.

ಆಗ ಹುಡುಗನ ತಾಯಿ, "ಹಾಡು ಬರ್ತದೇನವಾ?" ಎಂದರು.

ಒಂದು ದೇವರನಾಮ ಎತ್ತಿಕೊಂಡೆ. ಎರಡನೆಯ ಸಾಲಿಗೆ ಬಂದಾಗ ಕಪಾಟಿನ ಮೇಲೆ ಫೋನಿನ ಪರದೆ ಬೆಳಗಿತು. ಸದ್ದಿಲ್ಲ. ನೀಲಿ ಬೆಳಕು, ಅಷ್ಟೇ. ಆ ಕೋಣೆಯಲ್ಲಿ ಅಷ್ಟು ಜನರಿದ್ದರು, ಅದನ್ನು ನೋಡಿದವಳು ನಾನೊಬ್ಬಳೇ. ಆರಿತು. ಮತ್ತೆ ಬೆಳಗಿತು. ಹಾಡು ಅರ್ಧಕ್ಕೇ ನಿಲ್ಲಿಸಿದೆ.

"ಯಾಕವಾ ನಿಲ್ಲಿಸಿದಿ? ಛಂದ ಹಾಡ್ತಿ, ಹಾಡ ಹಾಡ."

ಹಾಡಿದೆ, ಶೈಲಾ. ಅದು ಬೆಳಗುತ್ತ ಆರುತ್ತ ಇರುವಾಗ ಇಡೀ ಹಾಡು ಹಾಡಿ ಮುಗಿಸಿದೆ. ಆಮೇಲೆ ಹಿರಿಯರ ಕಾಲಿಗೆ ಬಿದ್ದು ಒಳಗೆ ಹೋಗುವ ನೆಪದಲ್ಲಿ ಫೋನು ತೆಗೆದುಕೊಂಡು, ಬಂದಿದ್ದ ಕರೆಗಳ ಗುರುತನ್ನೆಲ್ಲ ಅಳಿಸಿದೆ. ಬೆರಳು ಒಂದು ಸಲವೂ ತಪ್ಪಲಿಲ್ಲ.

ಒಳಗೆ ನೀನು ಚಹಾ ಸೋಸುತ್ತಿದ್ದೆ. ಐದು ಆಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಅದನ್ನೇ ನಾನು ಮರೆಯಲಾರೆ — ಇನ್ನೂ ಹೊತ್ತಿತ್ತು.

"ಅಕ್ಕಾ, ಫೋನ್ ಬಂದಿತ್ತೇನ?"

"ಇಲ್ಲ. ಬಂದಿದ್ರ ಕೇಳಸ್ತಿರಲಿಲ್ಲೇನು?"

ನೀನು ಜರಡಿ ಕೆಳಗಿಟ್ಟೆ. ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿ ಹೊರಗೆ ಹೋಗಿ ಬಂದವರಿಗೆಲ್ಲ ನಗುತ್ತ ಚಹಾ ಕೊಟ್ಟೆ. ನನ್ನ ಮದುವೆ ಮುರಿಯಬಾರದೆಂದು ನಕ್ಕೆ. ಥೂ, ನನ್ನ ಜನ್ಮಕ್ಕೆ.

ಮರುದಿನ ಜೋರು ಗಂಟೆಯನ್ನು ಮತ್ತೆ ಅದೇ ಹೆಸರಿನಲ್ಲಿ ಹಾಕಿಟ್ಟೆ. ಆಮೇಲೆ ನೀನು ಅನುಮಾನದಿಂದ ನುಡಿಸಿ ನೋಡಿದಾಗ ಅದು ಮನೆಯೆಲ್ಲ ಕೇಳುವಂತೆ ಮೊಳಗಿತು; ಅವ್ವ ಒಳಗಿನಿಂದ ಕೈ ಮುಗಿದಳು. ಮಾನ ಬಿಟ್ಟು ನೀನೇ ಒಮ್ಮೆ ಫೋನ್ ಮಾಡಿದೆ. ಅವನ ಆಯಿ ಎತ್ತಿದರು. "ಆತಾ ಕಶಾಲಾ ಫೋನ್ ಕರತೇಸ್, ಪೋರಿ?" ಎಂದರು, ಈಗೇಕೆ ಮಾಡುತ್ತಿ ಹುಡುಗಿ ಎಂದು. ಬೇರೆ ಕಡೆ ಮಾತು ಕೊಟ್ಟಾಗಿತ್ತು. ನಿನ್ನನ್ನು ಒಪ್ಪದ ಹೆಂಗಸಿನ ಸಿಟ್ಟೆಂದು ನೀನು ತಿಳಿದೆ. ಮಗನ ಜೊತೆ ಕೂತು, ನೀನು ಎತ್ತುತ್ತೀಯೆಂದು ಕಾದ ಹೆಂಗಸಿನ ನೋವು ಅದು.

ಧಾರವಾಡದ ಸಂಬಂಧ ಕೂಡಿತು. ನನ್ನ ಗಂಡ ಒಳ್ಳೆಯವರು, ಇದು ಅವರಿಗೂ ಗೊತ್ತಿಲ್ಲ. ನಿನ್ನನ್ನು ಸೊಲ್ಲಾಪುರಕ್ಕೆ ಕೊಟ್ಟರು. ನೀನು ಗೋಳಾಡಲಿಲ್ಲ, ಸಂಸಾರ ಮಾಡಿದೆ, ಇಬ್ಬರು ಮಕ್ಕಳನ್ನು ಬೆಳೆಸಿದೆ. ಆದರೆ ರೈಲು ದೌಂಡದಲ್ಲಿ ನಿಂತಾಗ ನೀನು ಕಣ್ಣು ಮುಚ್ಚಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ನೋಡಿಯೂ ಡಬ್ಬಿ ಬಿಚ್ಚಿ ಚಪಾತಿ ತಿಂದಿದ್ದೇನೆ.

ಹೋದ ತಿಂಗಳು ನಿನ್ನ ಮಗಳು, ತಾನು ಒಪ್ಪಿದ ಹುಡುಗನ ವಿಷಯ ನಿನಗೆ ಹೇಳಲು ಬಂದಳು. ನಾನೂ ಅಲ್ಲೇ ಇದ್ದೆ. ನೀನು ಅವಳಿಗೆ, "ಅವರ ಮನ್ಯಾಗ ನಿನ್ನ ಬ್ಯಾಡ ಅಂದ್ರ ಏನ್ ಮಾಡ್ತಿ? ನನಗಾದ್ರೂ ಒಂದ ಫೋನ್ ಮಾಡೂವಷ್ಟೂ ಬೆಲೆ ಇರಲಿಲ್ಲ," ಎಂದೆ. ಮಗಳು ಅಳುತ್ತ ಎದ್ದುಹೋದಳು. ಇಷ್ಟು ವರ್ಷ ಒಳಗೊಳಗೇ ನೀನು ಹಾಗೆ ಅಂದುಕೊಂಡಿದ್ದೆಯೇ? ನಾನು ನಿನ್ನಿಂದ ಒಬ್ಬ ಹುಡುಗನನ್ನಷ್ಟೇ ಕಿತ್ತುಕೊಂಡೆನೆಂದು ತಿಳಿದಿದ್ದೆ.

ನಾಳೆ ಸೊಲ್ಲಾಪುರಕ್ಕೆ ಬರುತ್ತಿದ್ದೇನೆ. ನಿನ್ನ ಮಗಳನ್ನೂ ಕೂಡಿಸಿಕೊಂಡು, ಈಗ ಒಬ್ಬಳೇ ಕೂತು ಹೇಳಿಕೊಂಡ ಈ ಮಾತುಗಳನ್ನೇ ನಿನ್ನ ಮುಂದೆ ಹೇಳುತ್ತೇನೆ. ಬಾಗಿಲು ಹಾಕಿದರೆ ಬಾಗಿಲಾಚೆ ನಿಂತು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುವವಳು. ನಿನಗೆ ತಿಳಿಯಬೇಕಾದದ್ದು ಇಷ್ಟೇ, ಶೈಲಾ: ಅವರ ಮನೆಯಲ್ಲಿ ಎಲ್ಲರೂ ನಿನ್ನನ್ನು ಬೇಕೆಂದಿದ್ದರು. ಬೇಡವೆಂದವಳು ನಿನ್ನ ಮನೆಯಲ್ಲೇ, ನಿನ್ನ ಫೋನಿನ ಎದುರೇ ಕೂತು ಹಾಡುತ್ತಿದ್ದಳು.