ಒಲೆಯ ಮೇಲಿನ ಅಪವಾದ

ನನಗಾಗ ಐವತ್ತೊಂದು; ಇದು ಹದಿನಾಲ್ಕು ವರ್ಷದ ಹಿಂದಿನ ಮಾತು. ಬಸವನಗುಡಿಯಲ್ಲಿ ವನಜಮ್ಮನವರ ಮನೆಯ ಅಡುಗೆ ನನ್ನದು. ಎರಡು ಉರಿಯ ಗ್ಯಾಸ್ ಒಲೆ. ಎಡಗಡೆಯದು ಮೊಂಡು, ಕಡ್ಡಿ ಎರಡು ಸಲ ಗೀರಿದರೇ ಹತ್ತುವುದು. ಆ ಒಲೆಗೆ ಎರಡು ವರ್ಷ ಬೈದೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

ನನಗೆ ಮುಟ್ಟು ನಿಂತಿತ್ತು. ಆಮೇಲಿಂದ ಹೇಳದೆ ಕೇಳದೆ ಎದೆಯಿಂದ ನೆತ್ತಿಗೆ ಬೆಂಕಿ ಏರುವುದು, ರವಿಕೆ ತೊಯ್ದು ಬೆನ್ನಿಗೆ ಅಂಟುವುದು, ಹಿಂದೆಯೇ ಚಳಿ. ನಿದ್ದೆಯಿಲ್ಲ. ಚಾಮರಾಜಪೇಟೆಯ ನಮ್ಮ ಮನೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ತಲೆಯೆತ್ತಲಿಲ್ಲ.

"ಏನ್ ಕೆಲ್ಸ ಮಾಡ್ತೀರಮ್ಮ?"

"ಅಡುಗೆ."

"ಮತ್ತೆ? ಒಲೆ ಮುಂದೆ ನಿಂತ್ರೆ ಶೆಕೆ ಆಗ್ದೆ ಚಳಿ ಆಗುತ್ತಾ? ನೀರು ಜಾಸ್ತಿ ಕುಡೀರಿ."

ನಾನೂ ನಂಬಿದೆ, ನೋಡಿ. ಮೂರನೇ ಕ್ಲಾಸಿನ ಬುದ್ಧಿ. ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಈಗೇಕೆ ಹೊಸದಾಗಿ ಸುಡಬೇಕು ಎಂದು ಡಾಕ್ಟರಮ್ಮನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಗಂಡಸಿಗೆ ತಲೆ ತಿರುಗಿದರೆ ಸ್ಕ್ಯಾನಿಂಗು. ಹೆಂಗಸಿನ ಮೈಗೆ ಏನಾದರೂ ಆದರೆ ಕಾರಣ ಅವಳ ಕೈಯಲ್ಲಿರುವ ಪಾತ್ರೆಯಲ್ಲೇ ಸಿಕ್ಕಿಬಿಡುತ್ತದೆ.

ಒಂದು ದಿನ ಕಣ್ಣಿಗೆ ಕತ್ತಲೆ ಕವಿದು ಸಾರಿನ ಪಾತ್ರೆ ಕೈಬಿಟ್ಟೆ. ವನಜಮ್ಮ ಬಂದರು. ನನ್ನ ವಾರಿಗೆಯವರೇ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ.

"ಇದು ಎರಡನೇ ಸಲ, ನಂಜಮ್ಮ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಹಾಗೆನ್ನುತ್ತಲೇ ಫ್ರಿಜ್ಜಿನ ಮೇಲಿದ್ದ ಟ್ಯೂಬು ತೆಗೆದು ತೋಳಿಗೆ ಹಚ್ಚಿಕೊಂಡರು. ದಿನಾ ಹಚ್ಚುತ್ತಿದ್ದುದೇ, ಮುಖದ ಸ್ನೋ ತೋಳಿಗೇಕೆ ಎಂದುಕೊಂಡು ಸುಮ್ಮನಿದ್ದೆ. ಅವತ್ತು ಕೇಳಿದೆ.

"ಮುಟ್ಟು ನಿಂತ್ಮೇಲೆ ಮೈ ಉರಿಯುತ್ತಲ್ಲ, ಅದಕ್ಕೆ. ಹಾರ್ಮೋನು. ಗೆಣಸಿಂದ ಮಾಡ್ತಾರಂತೆ."

ಒಂದೇ ಮನೆ, ಒಂದೇ ವಯಸ್ಸು, ಒಂದೇ ಉರಿ. ಅವರದಕ್ಕೆ ಹೆಸರು, ಡಾಕ್ಟರು, ಟ್ಯೂಬು. ನನ್ನದಕ್ಕೆ ಒಲೆ. ಎರಡು ವರ್ಷ ನಾನು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವುದನ್ನು ಕಂಡವರ ಬಾಯಿಂದ ಒಂದು ಮಾತು ಬರಲಿಲ್ಲ. ಔಷಧಿ ಅಂಗಡಿ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಬರೆದುಕೊಡುವ ಪೆನ್ನು ಮಾತ್ರ ನನ್ನ ತನಕ ಬಂದಿರಲಿಲ್ಲ.

ಗಾಂಧಿಬಜಾರಿನಿಂದ ಗೆಣಸು ತಂದು ಎರಡು ತಿಂಗಳು ಬೇಯಿಸಿ ತಿಂದೆ. ಹೊಟ್ಟೆ ಉಬ್ಬಿತು, ಉರಿ ಇದ್ದಲ್ಲೇ ಇತ್ತು. ವನಜಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು.

"ಅಯ್ಯೋ ಪೆದ್ದಿ, ಅದು ಯಾವ್ದೋ ಕಾಡುಗೆಣಸು. ತಿಂದ್ರೆ ಹಾರ್ಮೋನು ಬರಲ್ಲ, ಫ್ಯಾಕ್ಟ್ರೀಲೇ ಮಾಡ್ಬೇಕು. ಅದನ್ನೂ ಡಾಕ್ಟ್ರು ಪರೀಕ್ಷೆ ಮಾಡಿ, ನಿನಗೆ ಆಗುತ್ತೋ ಇಲ್ವೋ ನೋಡಿ ಬರ್ಕೊಡ್ಬೇಕು."

"ನಮ್ ಡಾಕ್ಟ್ರಮ್ಮ ಒಲೆ ಶೆಕೆ ಅಂದ್ರು."

"ಒಲೆಯಂತೆ! ನಾನೇನ್ ಒಲೆ ಮುಂದೆ ನಿಲ್ತೀನಾ?"

ತಮಾಷೆಗೆ ಅಂದರು. ನನಗೆ ಅಷ್ಟೇ ಬೇಕಾಗಿತ್ತು. ಫ್ಯಾಕ್ಟರಿಗೆ ಆ ಕಾಡುಗೆಣಸು ಅಗೆದು ಕೊಟ್ಟವಳೂ ನನ್ನಂಥ ಹೆಂಗಸೇ ಇರಬಹುದು. ಅವಳ ಉರಿಗೆ ಯಾರೋ ಬಿಸಿಲು ಎಂದಿರುತ್ತಾರೆ.

ಮಾರನೆಯ ಬೆಳಗ್ಗೆ ನಾನು ಒಲೆ ಹಚ್ಚಲಿಲ್ಲ. ನಮ್ಮ ಮನೆಯಲ್ಲೂ ಇಲ್ಲ, ವನಜಮ್ಮನವರಲ್ಲೂ ಇಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಕಾಫಿಯನ್ನೂ ಕುಡಿಯದೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಉರಿ ಏಳುವುದನ್ನೇ ಕಾದೆ. ಎದ್ದಿತು. ಬೆವರು ಕುತ್ತಿಗೆಗೆ ಇಳಿಯುವಾಗ ಸಾಲು ದಾಟಿ ಒಳಗೆ ನುಗ್ಗಿ, ಡಾಕ್ಟರಮ್ಮನ ಕೈ ಹಿಡಿದು ನನ್ನ ಕುತ್ತಿಗೆಯ ಮೇಲೆ ಇಟ್ಟೆ.

"ನಿನ್ನೆ ಸಂಜೆಯಿಂದ ಒಲೆ ಹತ್ರ ಹೋಗಿಲ್ಲ, ಡಾಕ್ಟ್ರಮ್ಮ. ಈಗ ಬೇರೆ ಏನಾದ್ರೂ ಹೇಳಿ," ಎಂದು ಕುರ್ಚಿ ಎಳೆದುಕೊಂಡು ಕೂತೆ.